ವೀರವ್ವನ ರೊಟ್ಟಿಬುಟ್ಟಿ

ವೀರವ್ವನಿಗೆ ಗಂಡ ಇದ್ದಾನೋ ಇಲ್ಲವೋ ಎಂಬುದು ಗಜೇಂದ್ರಗಡದ ನೇಕಾರ ಓಣಿಯಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ, ವೀರವ್ವನಿಗೂ ಗೊತ್ತಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ಅವಳ ಗಂಡ ಅರ್ಜುನಪ್ಪ ಮಗ್ಗ ಬಿಟ್ಟು ಸೊಲ್ಲಾಪುರದ ಗಿರಣಿಗೆ ಹೋದ. ಆ ವರ್ಷ ದೀಪಾವಳಿಗೆ ಬಂದವನು ಹೆಂಡತಿಗೆ ಹಸಿರು ಸೀರೆಯೊಂದನ್ನು ತಂದಿದ್ದ. ಸೀರೆ ನೇಯುವವರ ಓಣಿಗೆ ಸೊಲ್ಲಾಪುರದಿಂದ ಸೀರೆ ಹೊತ್ತು ತಂದನಲ್ಲ ಎಂದು ಜನ ನಕ್ಕರು, ಅವನೂ ನಕ್ಕ. ಮುಂದಿನ ದೀಪಾವಳಿಗೆ ಬರಲಿಲ್ಲ. ಆಮೇಲೆ ಯಾವ ದೀಪಾವಳಿಗೂ ಬರಲಿಲ್ಲ. ಆ ಕಡೆ ಹೋಗಿ ಬಂದವರಲ್ಲಿ ಒಬ್ಬ ಅವನನ್ನು ಬೇರೆ ಗಿರಣಿಯಲ್ಲಿ ಕಂಡೆ ಅಂದ, ಇನ್ನೊಬ್ಬ ಮುಂಬಯಿಗೆ ಹೋದನಂತೆ ಅಂದ, ಮತ್ತೊಬ್ಬ ವೀರವ್ವನ ಮುಖ ನೋಡಿ ಮಾತು ಮರೆಸಿಬಿಟ್ಟ.

ಅತ್ತೆ ಮಾವ ಮೊದಲೇ ತೀರಿಕೊಂಡಿದ್ದರು. ಮಕ್ಕಳಾಗಿರಲಿಲ್ಲ. ಮಗ್ಗ ಇನ್ನೊಬ್ಬರ ಮನೆ ಸೇರಿತು. ಓಣಿಯ ನೇಕಾರ ಮಹಾದೇವಪ್ಪ ತನ್ನ ಮನೆಯ ಹಿತ್ತಲಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟ. ಅಲ್ಲಿ ಕೂತು ವೀರವ್ವ ರಾಟಿ ತಿರುವಿ, ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಕಂಡಿಕೆಗಳನ್ನು ಸುತ್ತುತ್ತಿದ್ದಳು. ಸುತ್ತಿದ್ದನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಕೊಟ್ಟು, ಹೊಸ ನೂಲು ಇಸಿದುಕೊಂಡು ಬರುತ್ತಿದ್ದಳು. ಹೊಟ್ಟೆಗೆ ಕೊರತೆಯಾಗಲಿಲ್ಲ. ಕೊರತೆಯಾದದ್ದು ಬೇರೆ. ಓಣಿಯಲ್ಲಿ ಯಾರದಾದರೂ ಉಡಿ ತುಂಬುವ ಕಾರ್ಯವಿದ್ದರೆ ಅವಳನ್ನು ಕರೆಯುತ್ತಿದ್ದರು; ಆದರೆ ಅವಳ ಹಣೆಯ ಹತ್ತಿರ ಬಂದಾಗ ಕುಂಕುಮದ ಬೆರಳು ಒಂದು ಗಳಿಗೆ ಗಾಳಿಯಲ್ಲೇ ನಿಲ್ಲುತ್ತಿತ್ತು. ಹಚ್ಚಬೇಕೋ ಬಿಡಬೇಕೋ? ಆ ನಿಂತ ಬೆರಳನ್ನು ನೋಡಿ ನೋಡಿ ಸಾಕಾಗಿ ವೀರವ್ವ ತಾನೇ ಹೋಗುವುದನ್ನು ಬಿಟ್ಟಳು. ಸಂಜೆ ಮಗ್ಗಗಳ ಸಪ್ಪಳ ಒಂದೊಂದಾಗಿ ನಿಂತು, ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಏಳುವ ಹೊತ್ತು ಅವಳಿಗೆ ದಿನದಲ್ಲೇ ಕಠಿಣ ಹೊತ್ತಾಗಿತ್ತು. ಒಬ್ಬಳಿಗಾಗಿ ರೊಟ್ಟಿ ಬಡಿಯಲು ಕೈ ಏಳುತ್ತಿರಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ಓಣಿಯಲ್ಲಿ ಹಾಸುನೂಲಿಗೆ ಗಂಜಿ ಹಚ್ಚುತ್ತಿದ್ದರು. ಸೀರೆಯ ಉದ್ದನೆಯ ಎಳೆಗಳನ್ನು ಓಣಿಯ ಈ ತುದಿಯಿಂದ ಆ ತುದಿಗೆ ಬಿಗಿದು, ಜೋಳದ ಹಿಟ್ಟಿನ ಗಂಜಿಯನ್ನು ಕುಂಚದಿಂದ ಸವರುವ ಕೆಲಸ ಅದು. ಗಂಡಸರೆಲ್ಲ ಎಳೆಗಳ ಮೇಲೆ ಬಾಗಿದ್ದರು. ಕಂಡಿಕೆಯ ಬುಟ್ಟಿ ಹೊತ್ತು ಬಂದ ವೀರವ್ವ ಗೋಡೆಯ ಮಗ್ಗುಲಿಗೆ ನೋಡಿದಳು. ಗಂಜಿಯ ಹರವಿಯ ಮುಂದೆ ಒಬ್ಬ ಮುದುಕಿ ಕುಕ್ಕರಗಾಲಲ್ಲಿ ಕೂತು, ಒಳಗೆ ಕೈಹಾಕಿ ಬಳಿದು ಬಾಯಿಗೆ ಒಯ್ಯುತ್ತಿದ್ದಳು.

ವೀರವ್ವ ಬುಟ್ಟಿ ಎಸೆದು ಓಡಿಹೋಗಿ ಅವಳ ಕೈ ಹಿಡಿದಳು. "ಯವ್ವಾ, ತಿನಬ್ಯಾಡ! ಅದರಾಗ ಮೈಲತುತ್ತದ ವಿಷ ಕೂಡಿಸಿರ್ತಾರ!"

ಮುದುಕಿ ಹೆದರಿ ಕೈ ಹಿಂದಕ್ಕೆ ಎಳೆದುಕೊಂಡಳು. "ಬೈಬ್ಯಾಡ ಮಗಳ. ಹೊರಗ ಇಟ್ಟಿದ್ರು. ಬೇಡಾದ್ದು ಅಂತ ತಿಳದೆ."

ಗಂಡಸರು ತಿರುಗಿ ನೋಡಿದರು. ಒಬ್ಬ "ಹೋಗ, ಹೋಗಬೇ ಅತ್ತಾಗ" ಎಂದು ಕುಂಚ ಬೀಸಿದ. ವೀರವ್ವ ಮುದುಕಿಯ ಬಾಯಿ ತೊಳೆಸಿ, ಕೋಣೆಗೆ ಕರೆತಂದು, ಹಿಂದಿನ ದಿನದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಮುದುಕಿ ಅರ್ಧ ಉಂಡು ಉಳಿದರ್ಧವನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

"ಸಂಜಿಗೇನು, ಆಯಿ?"

"ನನಗಲ್ಲ. ಧರ್ಮಸಾಲ್ಯಾಗ ಕುರುಡ ಒಬ್ಬಾಂವ ಅದಾನ. ನಾ ಏನರ ತರ್ತೀನಂತ ಕುಂತಿರ್ತಾನ."

ವೀರವ್ವ ಅವಳ ಹಿಂದೆಯೇ ಹೋದಳು. ಮೋಟಾರು ನಿಲ್ಲುವ ಜಾಗದ ಪಕ್ಕದಲ್ಲಿ ಯಾರೋ ಹಿಂದಿನವರು ಕಟ್ಟಿಸಿದ ಧರ್ಮಶಾಲೆಯಿತ್ತು. ಮುಂದಿನ ಅರ್ಧ ಮಾಡು ಕುಸಿದು, ಹಿಂದಿನ ಅರ್ಧ ಹೇಗೋ ನಿಂತಿತ್ತು. ಅದರ ಮುಂದೆ ಅವಳು ಎಷ್ಟೋ ಸಲ ಹಾದುಹೋಗಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಈಗ ನೋಡಿದರೆ ಅಲ್ಲೊಂದು ಊರೇ ಇತ್ತು. ಸಿಡುಬಿನಲ್ಲಿ ಕಣ್ಣು ಕಳೆದುಕೊಂಡ ಕುರುಬರ ಉಡಚಪ್ಪ, ಕಾಲಿಗೆ ಪೆಟ್ಟಾಗಿ ಗೋಡೆ ಕಟ್ಟುವ ಗೌಂಡಿ ಕೆಲಸ ತಪ್ಪಿದ ಒಬ್ಬಾತ, ಎರಡು ಮಕ್ಕಳನ್ನು ಕಟ್ಟಿಕೊಂಡು ಯಾವ ಊರಿನಿಂದಲೋ ಓಡಿಬಂದ ಹೆಂಗಸು, ಇನ್ನೂ ನಾಲ್ಕಾರು ಜನ. ಯಾರಿಗೂ ಹೋಗಲು ಮನೆಯಿರಲಿಲ್ಲ. ಮುದುಕಿಯ ಹೆಸರು ಮುದುಕವ್ವನೇ. ಹುಟ್ಟಿದಾಗಲೇ ಮುದುಕಿಯ ಹೆಸರಿಟ್ಟರು, ಈಗ ಹೆಸರಿಗೂ ಮೈಗೂ ಹೊಂದಿಕೆಯಾಯಿತು ಎಂದು ಅವಳೇ ಹೇಳಿ ನಕ್ಕಳು. ಆ ನಗೆಯನ್ನು ಕೇಳಿ ಉಡಚಪ್ಪ ಗೋಡೆಯ ಕಡೆಯಿಂದ ತಿರುಗಿದ.

"ಯಾರನ್ನ ಕರ್ಕೊಂಡ ಬಂದೀ, ಮುದುಕವ್ವ? ಬಳಿ ಸಪ್ಪಳ ಆತಲ್ಲ."

"ನಾ ವೀರವ್ವ ಅಂತ್ರಿ ಕಾಕಾ, ನೇಕಾರ ಓಣ್ಯಾಕಿ," ಎಂದಳು ವೀರವ್ವ. ತನ್ನ ಹೆಸರನ್ನು ಯಾರಿಗಾದರೂ ಹೇಳಿ ವರ್ಷಗಳೇ ಆಗಿದ್ದವು.

ಮರುದಿನ ಅವಳು ಕಂಡಿಕೆ ಕೊಡಲು ಹೋದ ಮನೆಗಳಲ್ಲಿ ಒಂದೊಂದು ರೊಟ್ಟಿ ಕೇಳಿದಳು. ಮೊದಲ ಮನೆಯಲ್ಲಿ ಬಾಯಿ ಏಳಲಿಲ್ಲ. ನೂಲು ಇಸಿದುಕೊಂಡು ಹೊಸ್ತಿಲು ದಾಟಿ, ಮತ್ತೆ ತಿರುಗಿ ಬಂದು ಕೇಳಿದಳು. ಮನೆಯಾಕೆ ಗಾಬರಿಯಾಗಿ "ಯಾಕ ವೀರವ್ವ, ನಿನಗ ಉಣ್ಣಾಕಿಲ್ಲೇನು?" ಎಂದಳು. "ನನಗಲ್ರಿ," ಎಂದು ವೀರವ್ವ ಧರ್ಮಶಾಲೆಯ ಕತೆ ಹೇಳಿದಳು. ರೊಟ್ಟಿ ಸಿಕ್ಕಿತು. ಮಹಾದೇವಪ್ಪನ ಹೆಂಡತಿ ಸುಶೀಲವ್ವ ಒಂದಕ್ಕೆ ಎರಡು ಕೊಟ್ಟಳು, ಜೊತೆಗೆ ಒಂದು ಮಾತನ್ನೂ ಕೊಟ್ಟಳು.

"ಕೊಡಾಕೇನು, ಕೊಡ್ತೀವಿ. ಆದರ ನಮ್ಮ ಮಂದಿ ಏನಂದಾರು ಗೊತ್ತೇನು? ಮೋಟಾರ ನಿಲ್ಲೂ ಕಡೆ ದಿನಾ ಹೊಕ್ಕಾಳ, ಗಂಡನ ದಾರಿ ಕಾಯಾಕ ಹೊಕ್ಕಾಳ ಅಂತಾರ."

"ಅನ್ಲಿ ಬಿಡ್ರಿ ಅಕ್ಕಾ," ಎಂದಳು ವೀರವ್ವ. ಆದರೆ ಆ ಮಾತು ಸುಳ್ಳಾಗಿರಲಿಲ್ಲ. ಧರ್ಮಶಾಲೆಗೆ ಯಾರಾದರೂ ಹೊಸ ಗಂಡಸು ಬಂದು ಮುಸುಕು ಹಾಕಿ ಮಲಗಿದ್ದರೆ, ಅವನು ಮುಸುಕು ತೆಗೆಯುವವರೆಗೆ ಅವಳು ಅಲ್ಲಿಂದ ಕದಲುತ್ತಿರಲಿಲ್ಲ. ಅವನೇ ಆಗಿರಲಿ ಎಂದೋ, ಆಗದಿರಲಿ ಎಂದೋ ಅವಳಿಗೇ ತಿಳಿಯುತ್ತಿರಲಿಲ್ಲ.

ಓಣಿಯ ಹಿರಿಯ ನಿಜಲಿಂಗಪ್ಪನಿಗೆ ಇದು ಸರಿಬರಲಿಲ್ಲ. ಒಂದು ದಿನ ಕಟ್ಟೆಯ ಮೇಲೆ ಕೂತು ಎಲ್ಲರೆದುರಿಗೇ ಅವಳನ್ನು ಕರೆದ. "ನಮ್ಮ ಓಣಿ ಹೆಣಮಗಳು ಬುಟ್ಟಿ ಹಿಡಕೊಂಡು ಬೇಡೂದು ನಮಗ ಕಮ್ಮಿ ಆಗೂದಿಲ್ಲೇನು? ನಾಳಿಂದ ನಮ್ಮನೀಗೆ ಕಂಡಿಕಿ ಬ್ಯಾಡ." ವೀರವ್ವ ತಲೆ ತಗ್ಗಿಸಿ ನಿಂತು ಕೇಳಿ, "ಆತ್ರಿ" ಎಂದು ಹೋದಳು. ಅವನ ಮುಂಬಾಗಿಲು ಅಂದಿನಿಂದ ಅವಳಿಗೆ ಮುಚ್ಚಿತು. ಹಿತ್ತಲ ಬಾಗಿಲಲ್ಲಿ ಅವನ ಹೆಂಡತಿ ದಿನವೂ ಒಂದು ರೊಟ್ಟಿಯನ್ನು ಕಲ್ಲಿನ ಮೇಲೆ, ಬುಟ್ಟಿ ಬೋರಲು ಹಾಕಿ, ಇಟ್ಟಿರುತ್ತಿದ್ದಳು. ವೀರವ್ವ ಅದನ್ನು ಎತ್ತಿಕೊಂಡು, ಬುಟ್ಟಿಯನ್ನು ಮತ್ತೆ ಬೋರಲಿಟ್ಟು ಹೋಗುತ್ತಿದ್ದಳು.

ಹೀಗೆ ವರ್ಷಗಳು ಉರುಳಿದವು. ಮೋಟಾರು ನಿಲ್ಲುವಲ್ಲಿ ಚಹಾದ ಅಂಗಡಿ ಇಟ್ಟಿದ್ದ ಮಹಮ್ಮದಸಾಬ ನುಚ್ಚು ಕುದಿಸಲು ತನ್ನ ದೊಡ್ಡ ಪಾತೆಲೆ ಕೊಟ್ಟ, ಚಳಿಯ ದಿನಗಳಲ್ಲಿ ಒಲೆಯ ಕೆಂಡವನ್ನೂ ಅಲ್ಲಿಗೆ ಹೊತ್ತು ತಂದು ಸುರಿಯುತ್ತಿದ್ದ. ಮಳೆಗಾಲಕ್ಕೆ ಮುಂಚೆ ಓಣಿಯ ಹೆಂಗಸರು ಹಳೆಯ ಸೀರೆ, ತುಂಡುಬಟ್ಟೆ ಕೂಡಿಸಿ ಕೌದಿ ಹೊಲಿದುಕೊಟ್ಟರು. ಹೊಲಿಯುವಾಗ ಎಲ್ಲರೂ ಸುಶೀಲವ್ವನ ಪಡಸಾಲೆಯಲ್ಲಿ ಸುತ್ತ ಕೂತು, ಮಕ್ಕಳ ಮಾತು, ಗಂಡಂದಿರ ಮಾತು, ನಾದಿನಿಯರ ಮಾತು ಆಡುತ್ತಿದ್ದರು. ವೀರವ್ವ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಡುತ್ತಿದ್ದಳು. ಆ ಮಾತುಗಳಲ್ಲಿ ಕೂಡಿಸಲು ಅವಳ ಹತ್ತಿರ ಏನೂ ಇರಲಿಲ್ಲ.

ಧರ್ಮಶಾಲೆಯ ಜನ ಬರುತ್ತಿದ್ದರು, ಹೋಗುತ್ತಿದ್ದರು. ಗೌಂಡಿಯ ಕಾಲು ನೆಟ್ಟಗಾಗಿ ಅವನು ಕೆಲಸ ಹುಡುಕಿಕೊಂಡು ಹೋದ. ಮಕ್ಕಳ ತಾಯಿ ಮುಶಿಗೇರಿಯ ಒಬ್ಬ ರೈತನ ಮನೆಯಲ್ಲಿ ಹಟ್ಟಿ ಕೆಲಸಕ್ಕೆ ಸೇರಿದಳು. ಹೋಗುವ ದಿನ ಹೇಳದೆಯೇ ಹೋದಳು. ಹಾಗೆ ಹೋದವರ ಮೇಲೆ ವೀರವ್ವನಿಗೆ ಸಿಟ್ಟು ಬರುತ್ತಿರಲಿಲ್ಲ. ಮನೆ ಸಿಕ್ಕವರು ಹಿಂದೆ ತಿರುಗಿ ಏಕೆ ನೋಡಬೇಕು? ಆದರೂ ಬುಟ್ಟಿ ಹಿಡಿದು ಬಂದಾಗ ಖಾಲಿ ಮೂಲೆ ಕಂಡರೆ, ಒಂದು ಗಳಿಗೆ ಅಲ್ಲೇ ನಿಲ್ಲುತ್ತಿದ್ದಳು.

ಮುದುಕವ್ವ ಮಾತ್ರ ಎಲ್ಲಿಗೂ ಹೋಗಲಿಲ್ಲ. ಕಟ್ಟೆಯ ತುದಿಯಲ್ಲಿ, ರೋಣದ ಕಡೆಯಿಂದ ಬರುವ ಮೋಟಾರು ಕಾಣುವಂತೆ ಕೂತಿರುತ್ತಿದ್ದಳು. ಅವಳ ಊರು ರೋಣದಾಚೆಯ ಯಾವಗಲ್. ಮಗ ಶಿವನಪ್ಪ ಈ ಊರಿನ ಹತ್ತಿರದ ಬೆಟ್ಟದ ಕಾಲಕಾಲೇಶ್ವರನ ದರ್ಶನ ಮಾಡಿಸುತ್ತೇನೆಂದು ಕರೆತಂದು, ಇಲ್ಲಿ ಕೂಡಿಸಿ, "ಬಾಳಿಹಣ್ಣು ತರ್ತೀನಿ, ಏಳಬ್ಯಾಡ" ಎಂದು ಹೋದವನು ಬಂದಿರಲಿಲ್ಲ. ಮಳೆ ಹೊಡೆದಾಗಲೆಲ್ಲ ವೀರವ್ವ "ನನ್ನ ಖೋಲಿಗೆ ಬಾ ಆಯಿ" ಎಂದು ಕರೆಯುತ್ತಿದ್ದಳು. ಮುದುಕವ್ವನದು ಒಂದೇ ಉತ್ತರ: "ಏಳಬ್ಯಾಡ ಅಂದಾನ. ನಾ ಎದ್ದ ಹೊತ್ತಿನ್ಯಾಗ ಬಂದ್ರ ಎಲ್ಲಿ ಹುಡುಕ್ಯಾನು?"

ಒಂದು ಹಿಂಗಾರಿ ಮಳೆಗೆ ಮಾಡಿನ ಇನ್ನೊಂದು ಜಂತಿ ಮುರಿದು ಬಿತ್ತು. ಉಳಿದವರು ಮಳೆ ನಿಲ್ಲುವವರೆಗೆ ಹನುಮಪ್ಪನ ಗುಡಿಯ ಪೌಳಿಗೆ ಹೋದರು. ಮುದುಕವ್ವ ನೆನೆಯುತ್ತ ಕಟ್ಟೆಯ ಮೇಲೇ ಕೂತಳು. ಮೂರು ದಿನ ಜ್ವರ ಬಂತು. ಆಗ ವೀರವ್ವ ನಿಶ್ಚಯಿಸಿದಳು. ಉಡಚಪ್ಪನ ಕೈಯಲ್ಲಿ ಮುದುಕಿಯನ್ನೊಪ್ಪಿಸಿ, ರೊಟ್ಟಿಯ ಕೆಲಸವನ್ನು ಸುಶೀಲವ್ವನಿಗೆ ಹೇಳಿ, ಯಾರಿಗೂ ಊರಿನ ಹೆಸರು ಹೇಳದೆ ರೋಣದ ಮೋಟಾರು ಹತ್ತಿದಳು.

ರೋಣದಿಂದ ಮುಂದಕ್ಕೆ ಸಂತೆ ಮುಗಿಸಿ ಹೋಗುವ ಒಂದು ಚಕ್ಕಡಿ ಸಿಕ್ಕಿತು. ಎರೆಮಣ್ಣು ಮಳೆಗೆ ಅಂಟಾಗಿ ಗಾಲಿಗೆ ಮೆತ್ತಿಕೊಂಡಿತ್ತು. ಎತ್ತುಗಳು ಸೋತ ಕಡೆ ಎಲ್ಲರೂ ಇಳಿದು ನಡೆದರು. ಯಾವಗಲ್ಲಿನಲ್ಲಿ ಶಿವನಪ್ಪನ ಮನೆ ಕೇಳಿದಾಗ ಒಬ್ಬ ಮುದುಕ ಬಾಯಲ್ಲಿನ ಎಲೆಯಡಿಕೆ ಉಗುಳಿ, "ಗೌಡ್ರ ದನದ ಮನಿ ಮಗ್ಗಲಕ ಅದಾನ. ಆ ತಾಯಿ ಸತ್ತಾಳಲ್ಲ, ಆ ಶಿವನಪ್ಪ ಹೌದಲ್ಲೇನು?" ಎಂದ.

ವೀರವ್ವ ನಿಂತಲ್ಲೇ ನಿಂತಳು. "ತಾಯಿ ಸತ್ತಾಳ?"

"ಕಾಲಕಾಲಪ್ಪಗ ಹೋದಾಗ ವಾಂತಿಭೇದಿ ಆಗಿ ಸತ್ಳಂತ. ಅಲ್ಲೇ ಮಣ್ಣ ಮಾಡಿ ಬಂದ. ಇಲ್ಲಿ ಸತ್ತಾಕಿ ಹೆಸರೀಲೆ ದಿನಾ ಮಾಡಿ ಊರಿಗೆ ಉಣ್ಣಾಕ ಹಾಕಿದ. ಚಲೋ ಮಗ."

ಶಿವನಪ್ಪನ ಮನೆಯೆಂದರೆ ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿದ ಒಂದು ಚಪ್ಪರ. ಅವನು ಗೌಡರ ಮನೆಯಲ್ಲಿ ವರ್ಷದ ಆಳಾಗಿದ್ದ. ನಡುವಯಸ್ಸಿಗೇ ಬೆನ್ನು ಬಾಗಿತ್ತು. ಅವನ ಹೆಂಡತಿ ಮಾಯವ್ವ ನೀರು ತಂದುಕೊಟ್ಟು, ಯಾರು ಏನು ಎಂದು ಕೇಳಿದಳು. ವೀರವ್ವ "ಗಜೇಂದ್ರಗಡದಾಕಿ. ಅಲ್ಲಿ ಧರ್ಮಸಾಲ್ಯಾಗ ಮುದುಕವ್ವ ಅಂತ..." ಎನ್ನುವಷ್ಟರಲ್ಲಿ ಶಿವನಪ್ಪ ಎದ್ದು ಬಾಗಿಲಿನ ಬಿದಿರು ತಟ್ಟಿಯನ್ನು ಎಳೆದು ಮುಚ್ಚಿದ.

"ಮೆಲ್ಲಕ ಮಾತಾಡ್ರಿ ಯಕ್ಕಾ," ಎಂದ. ತಟ್ಟಿಗೆ ಬೆನ್ನು ಕೊಟ್ಟು ಕೇಳಿದ: "ಇನ್ನೂ ಅದಾಳೇನ್ರಿ?"

"ಅದಾಳ. ನೀ ಏಳಬ್ಯಾಡ ಅಂದಿ ಅಂತ ಕುಂತಾಳ."

ಮಾಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೂ ಗೊತ್ತಿರಲಿಲ್ಲ. ಅತ್ತೆಗಾಗಿ ಅವಳು ಬಾಯಿಬಡಿದುಕೊಂಡು ಅತ್ತಿದ್ದಳು. ಗಂಡನ ಕಡೆ ನೋಡಿದಳು. ಶಿವನಪ್ಪ ನೆಲ ನೋಡುತ್ತ ಮಾತಾಡಿದ. "ಆ ವರ್ಷ ಸಾಲದಾಗ ಮನಿ ಹೋತ್ರಿ. ಇಲ್ಲಿ ಗೌಡ್ರು ಗಂಡ ಹೆಂಡ್ತಿ ಇಬ್ಬರಿಗೇ ಜಾಗಾ ಅಂದ್ರು. ಅಲ್ಲಿ ದೇವರ ಊರು, ಯಾರರ ಹಾಕ್ತಾರ ಅಂತ ಬಿಟ್ಟು ಬಂದೆ. ಊರಾಗ ಕೇಳಿದ್ರು, ಏನ ಹೇಳ್ಲಿ? ಸತ್ತಾಳಂದೆ. ಈಗ ಹ್ಯಾಂಗ ಕರ್ಕೊಂಡ ಬರ್ಲಿ? ಸತ್ತಾಕಿನ್ನ ಹ್ಯಾಂಗ ಕರ್ಕೊಂಡ ಬರ್ಲಿ?"

ವೀರವ್ವ ಬೈಯಲೆಂದು ಬಂದಿದ್ದಳು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದಳು. ನೀರಿನ ತಂಬಿಗೆಯನ್ನು ಮಾಯವ್ವನಿಗೆ ಮರಳಿಸಿದಳು. ಎದ್ದು ಹೊರಟಾಗ ಅವನು ಹಿಂದಿನಿಂದ ಕೇಳಿದ, "ಉಣ್ತಾಳೇನ್ರಿ ಅವ್ವ?"

"ಉಣ್ತಾಳ. ಅರ್ಧ ಉಣ್ತಾಳ, ಅರ್ಧ ಇನ್ನೊಬ್ಬರಿಗೆ ಕೊಡ್ತಾಳ," ಎಂದಳು ವೀರವ್ವ.

ಮರಳಿ ಬರುವಾಗ ಮೋಟಾರಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಹೊರಗೆ ಗಿಡಮರವಿಲ್ಲದ ಕರಿಯ ಬಯಲು, ಕಣ್ಣು ಹೋದಷ್ಟು ದೂರ. ಅಬ್ಬಿಗೇರಿಯ ಕಡೆಯವರು ಒಂದಿಷ್ಟು ಜನ ಹತ್ತಿ, ಗದ್ದಲ ಮಾಡಿ, ಇಳಿದು ಹೋದರು. ವೀರವ್ವನಿಗೆ ಅವರ ಒಂದು ಮಾತೂ ಕೇಳಿಸಲಿಲ್ಲ. ಸೊಲ್ಲಾಪುರದಲ್ಲಿ ಯಾರೋ ಅರ್ಜುನಪ್ಪನನ್ನು ಕೇಳಿರಬೇಕು: ಊರಲ್ಲಿ ಯಾರಿದ್ದಾರೆ, ಹೆಂಡತಿ ಏನಾದಳು? ಅವನು ಏನೋ ಒಂದು ಉತ್ತರ ಕೊಟ್ಟಿರಬೇಕು. ಆ ಊರಿನಲ್ಲಿ ತಾನೂ ಎಂದೋ ಸತ್ತಿರಬಹುದು. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಕೈಗಳೆಂಬಂತೆ ನೋಡುತ್ತ ಕೂತಳು.

ಧರ್ಮಶಾಲೆಗೆ ಬಂದಾಗ ಮುದುಕವ್ವನ ಜ್ವರ ಬಿಟ್ಟಿತ್ತು. ವೀರವ್ವ ಹತ್ತಿರ ಕೂತು ಹಣೆ ಮುಟ್ಟಿ ನೋಡಿದಳು. ಮುದುಕಿಯ ಕಣ್ಣು ಅವಳ ಸೀರೆಯ ಅಂಚಿನ ಮೇಲೆ ನಿಂತಿತು.

"ಎರಿ ಮಣ್ಣು," ಎಂದಳು. "ನಮ್ಮ ಊರಿಗೆ ಹೋಗಿದ್ದಿ."

ವೀರವ್ವ ತಲೆಯಾಡಿಸಿದಳು.

"ಆರಾಮ ಅದಾನಲ್ಲ?"

"ಅದಾನ."

"ಏನಂದ? ಖರೇ ಹೇಳು. ಸುಳ್ಳ ಹೇಳಿದ್ರ ನನಗ ಗೊತ್ತಾಗತೈತಿ."

ವೀರವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದನದ ಮನೆ, ಚಪ್ಪರ, ವರ್ಷದ ಆಳು, ಊರಿಗೆ ಹೇಳಿದ ಮಾತು, ದಿನ ಮಾಡಿದ್ದು. ಮುದುಕವ್ವ ಕದಲದೆ ಕೇಳಿದಳು. ರೋಣದ ಮೋಟಾರು ಜನರನ್ನಿಳಿಸಿ, ಹೊಸ ಜನರನ್ನು ತುಂಬಿಕೊಂಡು, ಧೂಳೆಬ್ಬಿಸಿ ಹೋಯಿತು. ಮೊದಲ ಸಲ ಅವಳು ಅದರ ಕಡೆ ನೋಡಲಿಲ್ಲ.

"ದಿನಾ ಮಾಡ್ಯಾನಂದ್ರ ಹೋಳಿಗಿ ಮಾಡಿಸಿರಬೇಕು," ಎಂದಳು ಕೊನೆಗೆ. "ಊರ ಮಂದಿ ಹೊಟ್ಟಿ ತುಂಬ ಉಂಡಿರಬೇಕು. ನನಗ ಹೋಳಿಗಿ ಭಾಳ ಸೇರ್ತೈತಿ." ನಗಲು ಹೋಗಿ ಕೆಮ್ಮಿದಳು. ಆಮೇಲೆ ಕೌದಿಯನ್ನು ಮಡಚತೊಡಗಿದಳು. "ನಡಿ ಮಗಳ. ನಿನ್ನ ಖೋಲಿ ಎಲ್ಲೈತಿ ತೋರಿಸು."

ಆ ಚಳಿಗಾಲ ಹಿತ್ತಲ ಕೋಣೆಯಲ್ಲಿ ಇಬ್ಬರಿದ್ದರು. ರಾಜ್ಯ ಒಂದಾಯಿತೆಂದು ಪೇಟೆಯಲ್ಲಿ ತೋರಣ ಕಟ್ಟಿ ಪೇಢೆ ಹಂಚಿದ ದಿನಗಳವು. ಮುದುಕವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ವೀರವ್ವ ರಾಟಿ ತಿರುವುತ್ತಿದ್ದಳು. ಕೋಣೆಯಲ್ಲಿ ರೊಟ್ಟಿಯ ಸಪ್ಪಳ ಕೇಳಿ ಸುಶೀಲವ್ವ ಒಂದು ಸಲ ಬಾಗಿಲಿಗೆ ಬಂದು ಇಣುಕಿ, ನಕ್ಕು ಹೋದಳು. ಇಬ್ಬರೂ ಹೆಚ್ಚು ಮಾತಿನವರಲ್ಲ. ಒಂದು ಸಂಜೆ ಮಾತ್ರ ಮುದುಕವ್ವ ತಟ್ಟನೆ ಕೇಳಿದಳು.

"ನಿನ್ನ ಗಂಡ ಬರ್ತಾನಂತ ಅನಸ್ತೈತೇನು?"

ರಾಟಿ ನಿಂತಿತು. "ಗೊತ್ತಿಲ್ಲ ಆಯಿ."

"ಗೊತ್ತಿಲ್ಲ ಅನ್ನೂದು ಚಲೋ," ಎಂದಳು ಮುದುಕವ್ವ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. "ನಂದು ಗೊತ್ತಾಗಿ ಹೋತು."

ವೀರವ್ವನಿಗೆ ಆ ಮಾತು ಚುಚ್ಚಿತು. ತಾನು ಯಾವಗಲ್ಲಿಗೆ ಹೋಗದಿದ್ದರೆ ಇವಳು ಇನ್ನೂ ಕಾಯುತ್ತಿದ್ದಳು. ಮಳೆಯಲ್ಲಿ ನೆನೆಯುತ್ತಿದ್ದಳು, ಆದರೆ ಕಾಯುತ್ತಿದ್ದಳು. ಯಾವುದು ಒಳ್ಳೆಯದೆಂದು ಅವಳಿಗೆ ಆಗಲೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮುದುಕವ್ವನಿಗೆ ಮತ್ತೆ ಜ್ವರ ಬಂತು. ದವಾಖಾನೆಯ ಔಷಧಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ಮುಂಜಾನೆ ವೀರವ್ವ ಹೋಳಿಗೆ ಮಾಡಿ, ಹಾಲಿನಲ್ಲಿ ನುರಿದು ಬಾಯಿಗಿಟ್ಟಳು. ಮುದುಕಿ ಸ್ವಲ್ಪ ತಿಂದು, "ಉಳದದ್ದು ಉಡಚಪ್ಪಗ ಕೊಡು" ಎಂದಳು. ಮಧ್ಯಾಹ್ನ ಮಗ್ಗದ ಸಪ್ಪಳದ ನಡುವೆ ಉಸಿರು ನಿಂತಿತು. ಮಹಾದೇವಪ್ಪ, ಮಹಮ್ಮದಸಾಬ, ಓಣಿಯ ಇನ್ನಿಬ್ಬರು ಹೆಗಲು ಕೊಟ್ಟರು. ಯಾರೂ ಕರೆಯದೆ ನಿಜಲಿಂಗಪ್ಪ ಬಂದು ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ, ಕೈ ಝಾಡಿಸಿಕೊಂಡು ಹೋದ. "ಮಗನಿಗೆ ತಿಳಿಸಬೇಕಲ್ಲ?" ಎಂದು ಸುಶೀಲವ್ವ ಕೇಳಿದಳು. ವೀರವ್ವ ತಲೆ ಅಲ್ಲಾಡಿಸಿದಳು. ಒಮ್ಮೆ ದಿನ ಮಾಡಿ ಮುಗಿಸಿದವನಿಗೆ ಮತ್ತೇನು ತಿಳಿಸುವುದು?

"ಇವತ್ತ ನಮ್ಮ ಪಡಸಾಲ್ಯಾಗ ಮಲಕ್ಕೋ," ಎಂದಳು ಸುಶೀಲವ್ವ.

"ಬ್ಯಾಡ್ರಿ ಅಕ್ಕಾ. ಮುಂದನೂ ಒಬ್ಬಾಕೀನ ಮಲಗಬೇಕಲ್ಲ."

ಮರುದಿನ ಓಣಿಯವರು ರೊಟ್ಟಿ ಕೊಡುವಾಗ ಅವಳ ಮುಖ ನೋಡಿದರು. ಬುಟ್ಟಿ ಎಂದಿನಂತೆ ತುಂಬಿತು. ಧರ್ಮಶಾಲೆಯಲ್ಲಿ ಎಲ್ಲರಿಗೂ ಹಂಚಿ, ಉಡಚಪ್ಪನ ಕೈಗೆ ರೊಟ್ಟಿಯಿಟ್ಟು ಅವಳು ಏಳುವಷ್ಟರಲ್ಲಿ ಅವನು ಸೆರಗು ಹಿಡಿದ.

"ನೀ ಯಾವಾಗ ಉಣ್ತಿ, ತಂಗಿ?"

"ಮನಿಗೆ ಹೋಗಿ."

"ಮನ್ಯಾಗ ಯಾರದಾರ? ಕುಂಡ್ರು. ಇಷ್ಟ ವರ್ಷ ಬಂದಿ, ಒಂದ ದಿನ ನಮ್ಮ ಜೋಡಿ ಉಂಡಿಲ್ಲ."

ವೀರವ್ವ ಕೂತಳು. ಬುಟ್ಟಿಯ ತಳದಲ್ಲಿ ಒಂದು ರೊಟ್ಟಿ ಉಳಿದಿತ್ತು, ತುದಿ ಮುರಿದದ್ದು. ಯಾರೋ ಖಾರಬ್ಯಾಳಿಯ ಪರಾತವನ್ನು ಅವಳ ಕಡೆ ಸರಿಸಿದರು, ಯಾರೋ ಒಂದು ಉಳ್ಳಾಗಡ್ಡಿ ಗುದ್ದಿ ಒಡೆದು ಕೊಟ್ಟರು. ಎಲ್ಲರೂ ಉಂಡರು. ಮುರಿದ ಜಂತಿಯ ಸಂದಿಯಿಂದ ಸಂಜೆಯ ಬಿಸಿಲು ಅವರ ಕೈಗಳ ಮೇಲೆ ಬಿದ್ದಿತ್ತು. ಉಂಡಾದ ಮೇಲೆ ಕೈ ತೊಳೆದು, ಬುಟ್ಟಿ ಝಾಡಿಸಿ, "ನಾಳಿಗೆ ಬರ್ತೀನ್ರಿ" ಎಂದು ವೀರವ್ವ ಎದ್ದಳು.

ಓಣಿಗೆ ಬಂದಾಗ ಮಗ್ಗಗಳು ನಿಂತಿದ್ದವು, ಮನೆಮನೆಯಲ್ಲಿ ದೀಪ ಹಚ್ಚುತ್ತಿದ್ದರು. ಹಿತ್ತಲ ಕೋಣೆಯ ಕದ ತೆರೆದಳು. ಒಲೆ ಹಚ್ಚುವ ಕೆಲಸವಿರಲಿಲ್ಲ. ಕತ್ತಲಲ್ಲೇ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಕಂದೀಲು ಹಚ್ಚಿ, ನಾಳೆ ಕೊಡಬೇಕಾದ ನೂಲನ್ನು ರಾಟಿಗೆ ಏರಿಸಿದಳು.